ಹಿತ್ತಲ ಓಣಿಯಿಂದ ಕಂಡ ಮಲ್ಲೇಶ್ವರ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಗೂ ಮಾರ್ಗೋಸಾ ರಸ್ತೆಗೂ ನಡುವಿನ ಕ್ರಾಸುಗಳನ್ನು ನೋಡಲು ಬರುವವರು ಉಳಿದಿರುವ ಹಳೆಯ ಮನೆಗಳ ಮುಂಬದಿಗೆ ಕ್ಯಾಮೆರಾ ಹಿಡಿಯುತ್ತಾರೆ. ಮಂಗಳೂರು ಹೆಂಚು, ಮರದ ಜಾಲರಿಯ ಜಗಲಿ, ತುಳಸಿಕಟ್ಟೆ, ಕಾಂಪೌಂಡಿನಾಚೆಗೆ ಬಾಗಿದ ಪಾರಿಜಾತ, ಎಲ್ಲವೂ ಫೋಟೊಗೆ ಒದಗುವಂಥವೇ. ಬಡಾವಣೆಯ ಚರಿತ್ರೆ ಓದಬೇಕೆಂದರೆ ಮಾತ್ರ ಮನೆಗಳ ಬೆನ್ನಿಗೆ ಹೋಗಬೇಕು. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಕಿರಿದಾದ ಓಣಿಗಳಿವೆ. ಹಳಬರು ಇವನ್ನು ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಒಳಚರಂಡಿ ಬರುವ ಮುಂಚೆ ಹಿತ್ತಲ ಕಕ್ಕಸುಗಳಿಂದ ಮಲ ಹೊತ್ತೊಯ್ಯುವವರು ಓಡಾಡಲೆಂದೇ ನಕ್ಷೆಯಲ್ಲಿ ಬಿಟ್ಟಿದ್ದ ದಾರಿ ಅದು. ಆ ಕೆಲಸ ಯಾವ ಜಾತಿಯವರ ತಲೆಯ ಮೇಲಿತ್ತೆಂದು ಬೇರೆ ಹೇಳಬೇಕಿಲ್ಲ. ಬಡಾವಣೆಗೆ ಬೇಕಾದವರು, ಆದರೆ ಬಡಾವಣೆಯವರ ಕಣ್ಣಿಗೆ ಬೀಳಬಾರದವರು.

ಯಾರು ಎಲ್ಲಿರಬೇಕು, ಯಾವ ಬಾಗಿಲಿನಿಂದ ಬರಬೇಕು ಎಂಬ ಲೆಕ್ಕಾಚಾರ ಮಲ್ಲೇಶ್ವರಕ್ಕೆ ಹುಟ್ಟಿನಿಂದಲೇ ಬಂದಿದೆ. ಇವತ್ತು ಮಾಲು, ಮೆಟ್ರೊ, ಕೋಟಿಗಟ್ಟಲೆ ಬೆಲೆಯ ಫ್ಲಾಟುಗಳಿಂದ ‘ಹಳೇ ಮಲ್ಲೇಶ್ವರ ಹೋಯಿತು’ ಎಂದು ಮರುಗುವಾಗ ಇದನ್ನು ಮರೆಯಬಾರದು.

ಬಡಾವಣೆಗಿಂತ ಅದರ ದೇವರು ಹಳಬ. ಕಾಡು ಮಲ್ಲೇಶ್ವರ ದೇವಸ್ಥಾನದ 1669ರ ಶಾಸನ, ಶಿವಾಜಿಯ ಮಲತಮ್ಮ ಏಕೋಜಿಯು ಮಲ್ಲಪುರದ ಮಲ್ಲಿಕಾರ್ಜುನನಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ಆಗ ಬೆಂಗಳೂರು ಎಂದರೆ ಕೋಟೆ ಮತ್ತು ಪೇಟೆ; ಮಲ್ಲಪುರ ಊರಾಚೆಯ ಒಂದು ಹಳ್ಳಿ. ದೇವರ ಹೆಸರಿನ ಮುಂದೆ ‘ಕಾಡು’ ಸೇರಿದ್ದು ಸುಮ್ಮನೆ ಅಲ್ಲ.

1898ರಲ್ಲಿ ಊರಿಗೆ ಪ್ಲೇಗು ಬಂತು. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಜನ ಸಾಯತೊಡಗಿದಾಗ, ಅದೇ ದಶಕದಲ್ಲಿ ಯೋಜಿಸಿದ್ದ ಎರಡು ಬಡಾವಣೆಗಳ ಕೆಲಸಕ್ಕೆ ಎಲ್ಲಿಲ್ಲದ ವೇಗ ಬಂತು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ. ನೇರ ರಸ್ತೆ, ದೊಡ್ಡ ನಿವೇಶನ, ಮನೆಯ ಸುತ್ತ ಖಾಲಿ ಜಾಗ, ಹಿಂದೊಂದು ಕನ್ಸರ್ವೆನ್ಸಿ. ಆರೋಗ್ಯದ ದೃಷ್ಟಿಯಿಂದ ಅದು ಆ ಕಾಲಕ್ಕೆ ಬಹಳ ಮುಂದುವರಿದ ನಕ್ಷೆ. ಆದರೆ ಅದೇ ನಕ್ಷೆಯಲ್ಲಿ ಬಡಾವಣೆಯನ್ನು ಎಂಟು ಬ್ಲಾಕುಗಳಾಗಿ ಸೀಳಿ ಒಂದೊಂದನ್ನು ಒಂದೊಂದು ಜಾತಿಗೆ, ಸಮುದಾಯಕ್ಕೆ ಎಂದು ಗೊತ್ತುಮಾಡಲಾಗಿತ್ತು. ಪೇಟೆಯಲ್ಲಿ ಕಸುಬಿಗೊಂದು ಬೀದಿ ಇದ್ದರೆ ಇಲ್ಲಿ ಕುಲಕ್ಕೊಂದು ಬ್ಲಾಕು. ಹೊಸ ಕಾಲದ ಎಂಜಿನಿಯರು ಹಳೆ ಕಾಲದ ಅಗ್ರಹಾರವನ್ನು ಅಳತೆಪಟ್ಟಿ ಹಿಡಿದು ಮತ್ತೆ ಕಟ್ಟಿದ.

ಮುಂದೆ ಸುತ್ತಮುತ್ತ ಏನೇನೋ ಬೆಳೆದವು. ಉತ್ತರದಲ್ಲಿ 1909ರಲ್ಲಿ ಟಾಟಾ ಇನ್ಸ್ಟಿಟ್ಯೂಟ್, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. 1933ರಲ್ಲಿ ಅದರ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಮುಂದೆ ಮಲ್ಲೇಶ್ವರದಲ್ಲೇ ನೆಲೆ ನಿಂತರು. ಅವರ ಮನೆ ‘ಪಂಚವಟಿ’ ಇನ್ನೂ ಇದೆ. ದಕ್ಷಿಣದ ತುದಿಯಲ್ಲಿ ನೂಲು ತೆಗೆಯುವ ರಾಜಾ ಮಿಲ್, ರೈಲು ಹಳಿಯಾಚೆ ಕೂಲಿಕಾರ್ಮಿಕರ ಶ್ರೀರಾಂಪುರ. 1930ರಲ್ಲಿ ಕರಾವಳಿಯವರು ಕಟ್ಟಿಕೊಂಡ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲೇ ಮುಂದೆ ಪ್ರಕಾಶ್ ಪಡುಕೋಣೆ ಶಟಲ್ ಆಡಲು ಕಲಿತದ್ದು. ಮದುವೆ ಇದ್ದ ದಿನ ಆಟಕ್ಕೆ ರಜೆ!

ಇಷ್ಟೆಲ್ಲ ಹೇಳಿದರೂ ಮಲ್ಲೇಶ್ವರದ ಮುಖ್ಯ ಸಂಗತಿಯೇ ಬಂದಿಲ್ಲ. ಅದು ವಠಾರ.

ದೊಡ್ಡ ನಿವೇಶನ ಕೊಂಡವರೆಲ್ಲ ದೊಡ್ಡ ಸಾಹುಕಾರರಾಗಿರಲಿಲ್ಲ. ಮುಂದೆ ತಮಗೊಂದು ಮನೆ ಕಟ್ಟಿಕೊಂಡು, ಪಕ್ಕದಲ್ಲೋ ಹಿಂದೆಯೋ ಒಂದು ನಡೆದಾರಿ ಬಿಟ್ಟು, ಅದರ ಉದ್ದಕ್ಕೂ ಪುಟ್ಟ ಮನೆಗಳ ಸಾಲು ಎಬ್ಬಿಸಿದರು. ಒಂದು ಕೋಣೆ, ಒಂದು ಅಡುಗೆಮನೆ, ಬಹಳವೆಂದರೆ ಒಂದು ಬಚ್ಚಲು. ನಲ್ಲಿ ಎಲ್ಲರಿಗೂ ಒಂದೇ, ಕಕ್ಕಸು ಎಲ್ಲರಿಗೂ ಒಂದೇ, ಬೆಳಗಿನ ಜಗಳವೂ ಎಲ್ಲರಿಗೂ ಸೇರಿದ್ದೇ. ಬಾಡಿಗೆಗಿದ್ದವರು ಸೆಕ್ರೆಟರಿಯೇಟಿನ ಗುಮಾಸ್ತರು, ಶಾಲೆ ಮೇಷ್ಟ್ರು, ಹೋಟೆಲಿನ ಅಡುಗೆಯವರು, ಪುರೋಹಿತರು, ಹಪ್ಪಳ ಸಂಡಿಗೆ ಮಾಡಿ ಬದುಕುತ್ತಿದ್ದ ವಿಧವೆಯರು, ಹಳ್ಳಿಯಿಂದ ಓದಲು ಬಂದ ಹುಡುಗರು. ಸಂಬಳ ಏರಿದವರು ಭೋಗ್ಯಕ್ಕೆ ಮನೆ ಹಿಡಿದು ಆಚೆ ಹೋದರೆ ಖಾಲಿಯಾದ ಕೋಣೆಗೆ ಮತ್ತೊಬ್ಬರು ಬರುತ್ತಿದ್ದರು. ವಠಾರದಲ್ಲಿ ಜಾತಿ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮನೆ ಕೊಡುವ ಮುಂಚೆ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. ಆದರೂ ಕಡಿಮೆ ದುಡ್ಡಿನವರು ಈ ಬಡಾವಣೆಯೊಳಗೆ ಕಾಲೂರಲು ಇದ್ದ ಒಂದೇ ಸಂದು ಅದು. ಮಲ್ಲೇಶ್ವರದ ಸಂಗೀತ ಸಭೆ, ರಾಮೋತ್ಸವ, ಗ್ರಂಥಾಲಯ, ಹೋಟೆಲುಗಳನ್ನು ತುಂಬಿಸಿದ್ದು ಬಂಗಲೆಯವರಷ್ಟೇ ಅಲ್ಲ, ವಠಾರದವರೂ ಹೌದು.

1961ರ ಬಾಡಿಗೆ ನಿಯಂತ್ರಣ ಕಾಯ್ದೆ ಈ ವ್ಯವಸ್ಥೆಯನ್ನು ಒಂದು ಥರ ಕಾಪಾಡಿತು, ಇನ್ನೊಂದು ಥರ ಕೊಳೆಯಿಸಿತು. ಬಾಡಿಗೆ ಏರಿಸುವುದೂ ಕಷ್ಟ, ಬಿಡಿಸುವುದೂ ಕಷ್ಟ ಎಂದಾದಾಗ ಮಾಲೀಕರು ಸುಣ್ಣ ಬಳಿಸುವುದನ್ನೇ ನಿಲ್ಲಿಸಿದರು. ಒಡೆದ ಹೆಂಚಿಗೆ ಪ್ಲಾಸ್ಟಿಕ್ ಹಾಳೆ ಬಂತು. ಆಮೇಲೆ ಬಂದ 1999ರ ಬಾಡಿಗೆ ಕಾಯ್ದೆ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಅಷ್ಟರಲ್ಲಿ ಮಾಲೀಕರ ಮಕ್ಕಳು ಅಮೆರಿಕದಲ್ಲಿದ್ದರು, ನೆಲದ ಬೆಲೆ ಆಕಾಶದಲ್ಲಿತ್ತು.

ನೆಲದ ಬೆಲೆ ಏನೇನು ಮಾಡಿಸುತ್ತದೆ ಎಂಬುದಕ್ಕೆ ಇಲ್ಲೊಂದು ವಿಚಿತ್ರ ಸಾಕ್ಷಿಯಿದೆ. ಕಾಡು ಮಲ್ಲೇಶ್ವರನ ಎದುರಿನ ಖಾಲಿ ಜಾಗವೊಂದನ್ನು ಮಾರಿ ಕಟ್ಟಡ ಎಬ್ಬಿಸುವ ಸಿದ್ಧತೆ ನಡೆದಾಗ ಸುತ್ತಲಿನವರು ತಡೆದರು. 1997ರಲ್ಲಿ ಅಲ್ಲಿ ಅಗೆದು ನೋಡಿದರೆ ಮಣ್ಣಿನಡಿ ಒಂದು ಕಲ್ಯಾಣಿ, ಬಾಯಿಂದ ನೀರು ಸುರಿಸುವ ನಂದಿ, ಆ ನೀರು ಬೀಳುವ ಕಡೆ ಲಿಂಗ. ಅದೇ ಇವತ್ತಿನ ದಕ್ಷಿಣಾಭಿಮುಖ ನಂದಿತೀರ್ಥ. ದೇವರಿದ್ದ ಜಾಗವಾದ್ದರಿಂದ ಅದು ಉಳಿಯಿತು. ವಠಾರಗಳ ಅಡಿಯಲ್ಲಿ ಅಂಥದ್ದೇನೂ ಸಿಗಲಿಲ್ಲ.

ವಠಾರ ಹೋಗುವ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅಣ್ಣತಮ್ಮಂದಿರಲ್ಲಿ ಪಾಲಿನ ಮಾತು ಏಳುತ್ತದೆ. ಬಿಲ್ಡರು ಜಾಯಿಂಟ್ ಡೆವಲಪ್‌ಮೆಂಟಿನ ಪತ್ರ ತರುತ್ತಾನೆ: ನೆಲ ನಿಮ್ಮದು, ಕಟ್ಟುವ ಖರ್ಚು ನನ್ನದು, ಫ್ಲಾಟುಗಳಲ್ಲಿ ಇಬ್ಬರಿಗೂ ಪಾಲು. ಬಾಡಿಗೆಯವರ ಕೈಗೆ ಒಂದಿಷ್ಟು ಹಣ ಇಟ್ಟು ಬಿಡಿಸುತ್ತಾರೆ. ಜೆಸಿಬಿ ಒಂದೆರಡು ದಿನದಲ್ಲಿ ಕೆಲಸ ಮುಗಿಸುತ್ತದೆ. ಮಾಲೀಕನ ಮಕ್ಕಳಿಗೆ ಅದೇ ನೆಲದ ಮೇಲೆ ಮೂರನೇ ಮಹಡಿಯಲ್ಲಿ ಮನೆ ಸಿಗುತ್ತದೆ. ಅವರ ನೆನಪಿನ ನೋವು ನಿಜವೇ ಇರಬಹುದು, ಆದರೆ ಲೆಕ್ಕದಲ್ಲಿ ಅವರು ಸೋತಿಲ್ಲ. ವಠಾರದವರು ದಾಸರಹಳ್ಳಿಗೋ ಲಗ್ಗೆರೆಗೋ ನೆಲಮಂಗಲದ ಕಡೆಗೋ ಹೋಗುತ್ತಾರೆ. ಬೆಳಗಿನ ಮೆಟ್ರೊದಲ್ಲಿ ಇಲ್ಲಿಯ ಅಡುಗೆ ಕೆಲಸಕ್ಕೋ ಅಂಗಡಿ ಕೆಲಸಕ್ಕೋ ವಾಪಸು ಬರುವವರಲ್ಲಿ ಅವರೂ ಇರುತ್ತಾರೆ.

ಸರ್ಕಾರದ ನಿಯಮಗಳೂ ಇದಕ್ಕೆ ದಾರಿ ಮಾಡಿಕೊಟ್ಟವು. 2007ರಲ್ಲಿ ಜಾರಿಗೆ ಬಂದ ನಗರದ ಪರಿಷ್ಕೃತ ಮಹಾಯೋಜನೆಯು ಮೆಟ್ರೊ ನಿಲ್ದಾಣದ ಸುತ್ತಿನ 150 ಮೀಟರಿನೊಳಗೆ ಎಫ್‌ಎಆರ್ ಅನ್ನು 4ರವರೆಗೆ ಬಿಟ್ಟಿತು. ಅಂದರೆ ಸಾವಿರ ಚದರಡಿ ನಿವೇಶನದ ಮೇಲೆ ನಾಲ್ಕು ಸಾವಿರ ಚದರಡಿ ಕಟ್ಟಬಹುದು. ಅಂಥ ನೆಲದಲ್ಲಿ ಹೆಂಚಿನ ಮನೆ ಇಟ್ಟುಕೊಳ್ಳುವವನನ್ನು ನೆಂಟರೇ ದಡ್ಡ ಎನ್ನುತ್ತಾರೆ. ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ತೆರೆಯಿತು. 2014ರ ಮಾರ್ಚಿನಲ್ಲಿ ಅದರ ಮಗ್ಗುಲಿಗೇ ಮೆಟ್ರೊ ಬಂತು. ಸಂಪಿಗೆ ರಸ್ತೆ ನಿಲ್ದಾಣದ ಹೆಸರಿನ ಮುಂದೆ ಮಾಲಿನ ಹೆಸರೂ ಸೇರಿಕೊಂಡಿದೆ. ನೂಲು ತೆಗೆದ ಕಾರ್ಮಿಕರ ಹೆಸರಿನಲ್ಲಿ ಅಲ್ಲೊಂದು ಬೆಂಚೂ ಇಲ್ಲ. ಇತ್ತ ಡಾ. ರಾಜ್‌ಕುಮಾರ್ ರಸ್ತೆಯ ಕಡೆ ರಾಜಾಜಿನಗರಕ್ಕೆ ಅಂಟಿಕೊಂಡು ಎದ್ದ ಗಗನಚುಂಬಿಗಳು ತಮ್ಮ ವಿಳಾಸವನ್ನು ‘ಮಲ್ಲೇಶ್ವರಂ ವೆಸ್ಟ್’ ಎಂದು ಬರೆದುಕೊಳ್ಳುತ್ತವೆ. ಊರನ್ನು ಕೆಡವುವ ಬೆಲೆಯೇ ಊರಿನ ಹೆಸರನ್ನು ಹಿಗ್ಗಿಸುತ್ತದೆ.

2018ರ ಡಿಸೆಂಬರಿನಲ್ಲಿ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ ಬಾಗಿಲು ಮುಚ್ಚಿದಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. 1954ರಿಂದ ನಡೆದಿದ್ದ ಹೋಟೆಲು. ಬಟನ್ ಇಡ್ಲಿಗೂ ಹಸಿರು ಮಸಾಲೆ ಇಡ್ಲಿಗೂ ದೂರದಿಂದ ಜನ ಬರುತ್ತಿದ್ದರು. ಕೊನೆಯ ದಿನಗಳಲ್ಲಿ ಸಾಲು ಬೀದಿಗೆ ಬಂದಿತ್ತು. ಆ ದುಃಖ ನ್ಯಾಯವಾದದ್ದೇ. ಆದರೆ ಅಲ್ಲಿ ದೋಸೆ ಹೊಯ್ದವರು, ಲೋಟ ತೊಳೆದವರು ಎಲ್ಲಿ ಮಲಗುತ್ತಿದ್ದರು ಎಂದು ಯಾರೂ ಬರೆಯಲಿಲ್ಲ. ಇಡ್ಲಿಗೆ ಸಿಕ್ಕ ಶ್ರದ್ಧಾಂಜಲಿ ಒಂದು ವಠಾರಕ್ಕೂ ಸಿಕ್ಕಿಲ್ಲ.

ಇಲ್ಲಿಯ ನಾಗರಿಕರು ಬಾಯಿಮುಚ್ಚಿ ಕೂರುವವರಲ್ಲ. ಸ್ಯಾಂಕಿ ಕೆರೆಯ ಮಗ್ಗುಲ ರಸ್ತೆ ಅಗಲಿಸಲು ಮರ ಕಡಿಯುವುದರ ವಿರುದ್ಧ 2011ರಲ್ಲಿ, ಅಲ್ಲಿಯ ಮೇಲ್ಸೇತುವೆಯ ವಿರುದ್ಧ 2023ರಲ್ಲಿ ಬೀದಿಗಿಳಿದರು. ಮಕ್ಕಳು ಮುದುಕರೆಲ್ಲ ಫಲಕ ಹಿಡಿದರು. ನಾನು ಆ ಹೋರಾಟದ ಪರವೇ. ಆದರೂ ಮರಕ್ಕೆ ಮನವಿಪತ್ರ ಬರೆಯುವ ಕೈ ಬಾಡಿಗೆದಾರನಿಗೆ ಯಾಕೆ ಬರೆಯುವುದಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಹಳೆಯ ನಕ್ಷೆ ಜನರನ್ನು ಜಾತಿಯಿಂದ ಆರಿಸಿತು. ಹೊಸದು ಅಡ್ವಾನ್ಸಿನಿಂದ ಆರಿಸುತ್ತದೆ, ಜಾತಿಯ ಪ್ರಶ್ನೆಯನ್ನೂ ಪೂರ್ತಿ ಬಿಟ್ಟಿಲ್ಲ.

ಓಣಿಗಳ ಕಥೆ ಏನಾಯಿತು? ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಆಮೇಲೆ ಕನ್ಸರ್ವೆನ್ಸಿಗಳು ಕಸದ ರಾಶಿಗೆ, ಸ್ಕೂಟರು ನಿಲ್ಲಿಸಲು, ಮಕ್ಕಳ ಕ್ರಿಕೆಟ್ಟಿಗೆ ಒದಗಿದವು. ಈಚಿನ ವರ್ಷಗಳಲ್ಲಿ ಕೆಲವಕ್ಕೆ ಗೋಡೆಚಿತ್ರ, ಕುಂಡದ ಗಿಡ, ಕೂರಲು ಕಟ್ಟೆ ಬಂದಿವೆ. ನಡೆಯುವವರಿಗೆ ಹಿತವಾಗಿದೆ. ಗೋಡೆಯ ಮೇಲೆ ಸಂಪಿಗೆ, ವೀಣೆ, ಫಿಲ್ಟರ್ ಕಾಫಿ ಬರೆಯುವವರು ಆ ದಾರಿ ಯಾರಿಗಾಗಿ ಆಗಿತ್ತೆಂಬುದನ್ನೂ ಎರಡು ಸಾಲು ಬರೆದಿದ್ದರೆ ಚಿತ್ರ ಕೆಡುತ್ತಿರಲಿಲ್ಲ.

ನೋಡಲು ಹೋಗುವವರು ಕಾರು ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗವಿಲ್ಲ. ಸಂಪಿಗೆ ರಸ್ತೆ ಮೆಟ್ರೊದಲ್ಲಿ ಇಳಿದು ಉತ್ತರಕ್ಕೆ ನಡೆಯಿರಿ. ಏಳನೇ ಕ್ರಾಸಿನ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆಗೆ ಕಾಯಬೇಕಾಗುತ್ತದೆ. ಕಾಯುವ ತಾಳ್ಮೆಯಿಲ್ಲದವರಿಗೆ ಎಂಟನೇ ಕ್ರಾಸಿನ ಜನತಾ ಇದೆ. ಹಬ್ಬದ ಹಿಂದಿನ ದಿನವಾದರೆ ಎಂಟನೇ ಕ್ರಾಸಿನಲ್ಲೇ ನಿಂತುಬಿಡಿ, ಬಾಳೆಕಂಬ, ಮಾವಿನೆಲೆ, ಸೇವಂತಿಗೆಯ ವ್ಯಾಪಾರ ನೋಡಲು. ದೇವಸ್ಥಾನ, ನಂದಿತೀರ್ಥ ಮುಗಿಸಿ ಒಂದೆರಡು ಹಿತ್ತಲ ಓಣಿಗಳನ್ನೂ ಹೊಕ್ಕು ಬನ್ನಿ. ಅಲ್ಲೊಂದು ಇಲ್ಲೊಂದು ವಠಾರ ಇನ್ನೂ ಉಳಿದಿದೆ. ಬಾಗಿಲಲ್ಲಿ ನಿಂತು ಫೋಟೊ ತೆಗೆಯುವ ಮುಂಚೆ ಒಳಗಿರುವವರನ್ನು ಕೇಳಿ.