ಬಟ್ಟಲಿಗೆ ಹಿಡಿಯುವಷ್ಟು ಮಾವಿನಕಾಯಿ

ಲಂಡನ್ನಿನ ದಕ್ಷಿಣ ಅಂಚಿನ ಸಟನ್ ರೈಲು ನಿಲ್ದಾಣದಿಂದ ಹೊರಬಿದ್ದು ಹೈಸ್ಟ್ರೀಟಿನ ಇಳಿಜಾರು ಹಿಡಿದರೆ ಸ್ವಲ್ಪ ದೂರದಲ್ಲೇ ದೊಡ್ಡದೊಂದು ಕೂಡುರಸ್ತೆ. ಅಲ್ಲಿ ಎತ್ತರದ ಕಬ್ಬಿಣದ ಕಂಬ, ಅದರ ತುದಿಯಲ್ಲಿ ಹುಂಜದ ಫಲಕ. 'ಕಾಕ್' ಎಂಬ ಹಳೆಯ ವಸತಿಗೃಹವೊಂದು ಇಲ್ಲಿತ್ತು. ಬ್ರೈಟನ್ ದಾರಿಯ ಕುದುರೆಗಾಡಿಗಳು ಇಲ್ಲಿ ನಿಂತು ಹೋಗುತ್ತಿದ್ದವು. 1780ರಲ್ಲಿ ಎಪ್ಸಮ್ ಬಯಲಿನಲ್ಲಿ ಡರ್ಬಿ ಕುದುರೆ ಪಂದ್ಯ ಶುರುವಾದ ಮೇಲಂತೂ ಪಂದ್ಯದ ದಿನ ಲಂಡನ್ನಿನ ಜನ ಈ ರಸ್ತೆಯಲ್ಲಿ ಜಾತ್ರೆಗೆ ಹೊರಟಂತೆ ಹೊರಡುತ್ತಿದ್ದರು. 1865ರಲ್ಲಿ ಸಟನ್ನಿನಿಂದ ಎಪ್ಸಮ್ ಡೌನ್ಸಿಗೆ ರೈಲೂ ಬಂತು.

ಆ ಬಯಲಿನ ಜನಜಂಗುಳಿಯನ್ನು ವಿಲಿಯಂ ಪವೆಲ್ ಫ್ರಿತ್ ಎಂಬ ಚಿತ್ರಕಾರ 'ದ ಡರ್ಬಿ ಡೇ' ಎಂಬ ಚಿತ್ರದಲ್ಲಿ ಹಿಡಿದಿಟ್ಟಿದ್ದಾನೆ. 1858ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಜನ ಮುಗಿಬಿದ್ದು, ಚಿತ್ರದ ಮುಂದೆ ಕಟಕಟೆ ಹಾಕಬೇಕಾಯಿತು. ಕುದುರೆಗಳು ಅದರಲ್ಲಿ ಎಲ್ಲೋ ಹಿಂದೆ ಉಳಿದಿವೆ. ಎಡಗಡೆ ಒಂದು ಪುಟ್ಟ ಮೇಜು, ಅದರ ಸುತ್ತ ಗುಂಪು. ಅಂಗುಸ್ತಾನದ ಕೆಳಗೆ ಬಟಾಣಿ ಎಲ್ಲಿದೆ ಹೇಳಿ ಎಂದು ಪಣ ಕಟ್ಟಿಸುವ ಆಟ. ಮೋಸಹೋದ ಹುಡುಗನೊಬ್ಬ ಜೇಬಿಗೆ ಕೈ ಹಾಕಿಕೊಂಡು ಪೆಚ್ಚಾಗಿ ನಿಂತಿದ್ದಾನೆ. ಹಳ್ಳಿಗನೊಬ್ಬ ಆಡಲು ಮುಂದಾದರೆ ಜೊತೆಯ ಹೆಣ್ಣು ಅವನ ತೋಳು ಹಿಡಿದು ಎಳೆಯುತ್ತಿದ್ದಾಳೆ.

ಕವುಚಿದ ಬಟ್ಟಲುಗಳ ಕೆಳಗೆ ಚೆಂಡು ಮಾಯವಾಗಿ ಮತ್ತೆ ಕಾಣಿಸಿಕೊಳ್ಳುವ ಬಟ್ಟಲು-ಚೆಂಡಿನ ಜಾದೂಗೆ ಈ ಮೋಸದಾಟ ದಾಯಾದಿ. ಎರಡರಲ್ಲೂ ಕೈ ಅದೇ, ಕಣ್ಣು ತಪ್ಪಿಸುವ ಬಗೆಯೂ ಅದೇ. ಬೇರೆಯಾಗುವುದು ಕೊನೆಯಲ್ಲಿ. ಮೋಸಗಾರನ ಮೇಜಿನ ಮೇಲೆ ಇದ್ದ ಬಟಾಣಿಯೂ ಮಾಯವಾಗುತ್ತದೆ, ಅದರ ಜೊತೆಗೆ ನಿಮ್ಮ ದುಡ್ಡೂ. ಜಾದೂಗಾರ ಕೊನೆಯ ಬಾರಿ ಬಟ್ಟಲು ಎತ್ತಿದಾಗ, ಹೆಸರುಂಡೆಯಷ್ಟೂ ಇಲ್ಲದ ಚೆಂಡುಗಳಿದ್ದ ಜಾಗದಲ್ಲಿ ಬಟ್ಟಲು ತುಂಬುವಂಥದ್ದು ಕೂತಿರುತ್ತದೆ. ಜಾದೂಗಾರರು ಇದನ್ನು ಫೈನಲ್ ಲೋಡ್ ಅನ್ನುತ್ತಾರೆ. ಇಡೀ ಆಟದಲ್ಲಿ ನನಗೆ ಬಲು ಇಷ್ಟವಾದ ಗಳಿಗೆ ಅದು. ಆ ಗಳಿಗೆ ಹೇಗೆ ತಯಾರಾಗುತ್ತದೆ ಎಂಬುದನ್ನು ನಾನು ಕಂಡದ್ದು ಇದೇ ಸಟನ್ನಿನ ಒಂದು ಮನೆಯ ಊಟದ ಮೇಜಿನ ಮೇಲೆ.

ಆ ಮನೆ ಹಾಸನದ ಕಡೆಯ ಗೆಳೆಯನೊಬ್ಬನದು. ವಾರವಿಡೀ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ಯುಗಾದಿಯ ಕಾರ್ಯಕ್ರಮದಲ್ಲಿ ಹತ್ತು ನಿಮಿಷದ ಜಾದೂ ಮಾಡುತ್ತೇನೆಂದು ಒಪ್ಪಿಕೊಂಡಿದ್ದಾನೆ. ಮೇಜಿನ ಮೇಲೆ ಹಳೆಯ ಕಂಬಳಿಯ ತುಂಡು, ಅದರ ಮೇಲೆ ಮೂರು ತಾಮ್ರದ ಬಟ್ಟಲು ಬಾಯಿ ಕೆಳಗಾಗಿ. ಸುತ್ತ ಚೆಂಡು, ಹಣ್ಣು, ದಾರದುಂಡೆ, ಒಂದು ಅಡಿಪಟ್ಟಿ. ಊಟಕ್ಕೆ ಜಾಗವಿಲ್ಲದೆ ಮಗಳು ತಟ್ಟೆ ಹಿಡಿದು ಸೋಫಾದ ಮೇಲೆ ಕೂತಿದ್ದಾಳೆ.

ಬಟ್ಟಲನ್ನು ಕೈಗೆ ತೆಗೆದುಕೊಂಡು ನೋಡಬೇಕು. ದೂರದಿಂದ ಸಾದಾ ಲೋಟ ಅನ್ನಿಸುತ್ತದೆ, ಸಾದಾ ಅಲ್ಲ. ಬಾಯಿಯ ಹತ್ತಿರ ಬಳೆಯಂತೆ ಎರಡು ಉಬ್ಬು. ಒಂದರ ಮೇಲೊಂದು ಕವುಚಿದಾಗ ಪೂರ್ತಿ ಇಳಿಯದೆ, ನಡುವೆ ಚಿಕ್ಕ ಚೆಂಡೊಂದು ಅಡಗುವಷ್ಟು ಜಾಗ ಉಳಿಯುವುದು ಈ ಉಬ್ಬಿನಿಂದ. ತಲೆಯ ಮೇಲೆ ಚೆಂಡು ಉರುಳದೆ ಕೂರಲು ಒಂದು ತಗ್ಗು. ಬಾಯಿ ಸುಮಾರು ಏಳು ಸೆಂಟಿಮೀಟರ್ ಅಗಲ, ಮೇಲೆ ಹೋದಂತೆ ಕಿರಿದಾಗಿ ಐದರ ಆಸುಪಾಸು. ಎಲ್ಲ ತಾಪತ್ರಯವೂ ಈ ಕಿರಿದಾಗುವ ಹೊಟ್ಟೆಯಲ್ಲೇ ಇದೆ. ಬಾಯಲ್ಲಿ ಸಲೀಸಾಗಿ ನುಗ್ಗಿದ ಚೆಂಡು ನಡುದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಬಟ್ಟಲು ಎತ್ತಿದಾಗ ಚೆಂಡೂ ಒಟ್ಟಿಗೆ ಮೇಲೆ ಬರುತ್ತದೆ, ಕಂಬಳಿಯ ಮೇಲೆ ಏನೂ ಇರುವುದಿಲ್ಲ. ಸಭೆಯ ಮುಂದೆ ಬಟ್ಟಲನ್ನು ಕುಟ್ಟಿ ಬೀಳಿಸುವಂತಾದರೆ ಆಟ ಅಲ್ಲಿಗೆ ಮುಗಿಯಿತು.

ಗೆಳೆಯ ಒಂದೊಂದಾಗಿ ಹಾಕಿ ನೋಡುತ್ತಾನೆ. ಸ್ಕ್ವಾಷ್ ಚೆಂಡು 40 ಮಿಲಿಮೀಟರ್: ಸಪ್ಪಳವಿಲ್ಲ, ಆದರೆ ರಬ್ಬರು ಲೋಹಕ್ಕೆ ಅಂಟಿದಂತಾಗಿ ನಿಧಾನಕ್ಕೆ ಜಾರುತ್ತದೆ, ಕಣ್ಣಿಗೂ ಪುಟ್ಟದು. ಗಾಲ್ಫ್ ಚೆಂಡು 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬ ನಿಯಮ. ಗಾತ್ರ ಪರವಾಗಿಲ್ಲ, ಆದರೆ ಬಟ್ಟಲಿನ ಗೋಡೆಗೆ ತಾಗಿದರೆ ಠಣ್ಣೆನ್ನುತ್ತದೆ. ತೂಕವೂ ಜಾಸ್ತಿ. ತುಂಬಿದ ಬಟ್ಟಲನ್ನು ಖಾಲಿಯೆಂಬಂತೆ ಎರಡು ಬೆರಳಲ್ಲಿ ಸರಿಸಬೇಕಾದಾಗ ಮಣಿಕಟ್ಟು ಬಿಗಿಯಾಗಿ ಗುಟ್ಟು ಬಿಟ್ಟುಕೊಡುತ್ತದೆ. ಟೆನಿಸ್ ಚೆಂಡು ಆರೂವರೆ ಸೆಂಟಿಮೀಟರ್ ದಾಟುತ್ತದೆ. ಅದನ್ನು ಬಾಯಲ್ಲಿ ಒತ್ತಿ ತುರುಕಬಹುದು, ಹೊರಗೆ ತೆಗೆಯುವುದು ಬೇರೆ ಮಾತು. ಸ್ಪಂಜಿನ ಚೆಂಡನ್ನು ಎಷ್ಟು ದೊಡ್ಡದಾದರೂ ಅಮುಕಿ ಸೇರಿಸಬಹುದು ಎಂದು ಕೆಲವರು ಅದನ್ನೇ ಬಳಸುತ್ತಾರೆ. ನನಗೆ ಅದು ಸೇರದು. ಅಮುಕಬಹುದಾದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಇದು ಇದರೊಳಗೆ ಹೇಗೆ ಹಿಡಿಯಿತು ಎಂಬ ಪ್ರಶ್ನೆಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಹಾಗಾದರೆ ಯಾವುದು ಸರಿ? ಅವನು ಪರೀಕ್ಷಿಸುವುದನ್ನು ನೋಡಿದರೆ ತಿಳಿಯುತ್ತದೆ. ಚೆಂಡನ್ನು ಬಟ್ಟಲಿಗೆ ಹಾಕಿ ಕವುಚುತ್ತಾನೆ. ಅಂಚು ಕಂಬಳಿಗೆ ಸುತ್ತಲೂ ತಾಗಿ ಕೂರಬೇಕು, ಒಂದೆಡೆ ಎದ್ದು ಅಲುಗಾಡಬಾರದು. ಆಮೇಲೆ ಬಟ್ಟಲನ್ನು ಎಡಕ್ಕೆ ಬಲಕ್ಕೆ ಸರಿಸಿ ಕಿವಿಗೊಡುತ್ತಾನೆ. ಕೊನೆಗೆ ನೆಟ್ಟಗೆ ಮೇಲೆತ್ತುತ್ತಾನೆ. ಎತ್ತುವ ಕೈಗೆ ಚೆಂಡು ಕಳಚಿಕೊಂಡದ್ದು ಗೊತ್ತೇ ಆಗಬಾರದು. ಚೆಂಡು ತಾನಾಗಿ ಬೀಳಬೇಕು, ಬಿದ್ದಲ್ಲೇ ನಿಲ್ಲಬೇಕು. ಇಷ್ಟಾದ ಮೇಲೆ ಬಟ್ಟಲನ್ನು ಅದರ ಪಕ್ಕದಲ್ಲಿಟ್ಟು ಎರಡನ್ನೂ ನೋಡುತ್ತಾನೆ. ಚೆಂಡು ಬಟ್ಟಲಿಗಿಂತ ದೊಡ್ಡದಾಗಿ ಕಂಡರೆ ತಲೆದೂಗುತ್ತಾನೆ. ಹಿಡಿಯುವುದರಲ್ಲಿ ಅತಿ ದೊಡ್ಡದನ್ನು ಹುಡುಕುವುದು ಹೊಸಬರ ಆಸೆ. ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಚಿಕ್ಕದಾದ ಚೆಂಡು ಕೈಗೆ ನೆಮ್ಮದಿ ಕೊಡುತ್ತದೆ. ಕೈ ನೆಮ್ಮದಿಯಾಗಿದ್ದರೆ ಮುಖವೂ ನೆಮ್ಮದಿಯಾಗಿರುತ್ತದೆ, ಸಭೆ ನೋಡುವುದು ಮುಖವನ್ನು.

ಆ ದೊಡ್ಡ ಚೆಂಡು ಬಟ್ಟಲೊಳಗೆ ಹೋಗುವುದು ಯಾವಾಗ, ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. 1905ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ 'ಮ್ಯಾಜಿಕ್ ಸರ್ಕಲ್' ಸಂಘದ ಲ್ಯಾಟಿನ್ ಧ್ಯೇಯವಾಕ್ಯದ ತಾತ್ಪರ್ಯವೇ ಗುಟ್ಟು ಬಿಡಬೇಡ ಎಂಬುದು. ಗೆಳೆಯ ಆ ಸಂಘದ ಸದಸ್ಯನಲ್ಲ, ಆದರೂ ಆ ಮಾತು ಪಾಲಿಸುತ್ತಾನೆ. ಮಗಳಿಗೂ ಹೇಳಿಲ್ಲ.

ದಾರದ ಕೆಲಸ ಅವನ ಅಮ್ಮನದು. ಆರು ತಿಂಗಳಿಗೆಂದು ಊರಿಂದ ಬಂದಿದ್ದಾರೆ, ಕ್ರೋಶಾ ಕಡ್ಡಿ ಜೊತೆಗೇ ಬಂದಿದೆ. ಬಾಗಿಲಿಗೆ ತೋರಣ, ಟಿವಿಗೆ ಹೊದಿಕೆ ಹಾಕಿ ಮುಗಿದ ಮೇಲೆ ಈಗ ಚೆಂಡಿನ ಸರದಿ. ಕಾರ್ಕಿನ ಉಂಡೆಗೆ ಕೆಂಪು ಹತ್ತಿ ದಾರದ ಕವಚ. ಜಾದೂಗಾರರ ಚಿಕ್ಕ ಚೆಂಡುಗಳನ್ನೂ ಹೀಗೇ ಹೆಣೆಯುವುದುಂಟು: ಹಗುರ, ಬೆರಳಿಗೆ ಹಿಡಿತ, ತಾಮ್ರಕ್ಕೆ ತಾಗಿದರೂ ಸದ್ದಿಲ್ಲ. ಅಮ್ಮ ತುದಿಯಿಂದ ಆರು ಕುಣಿಕೆ ಹಾಕಿ, ಸುತ್ತು ಸುತ್ತಿಗೂ ಹೆಚ್ಚಿಸುತ್ತಾ, ನಡುವಿಗೆ ಬಂದ ಮೇಲೆ ಹೆಚ್ಚಿಸದೆ ಹೆಣೆದು, ಕಾರ್ಕನ್ನು ಒಳಗಿಟ್ಟು ಮತ್ತೆ ಕಡಿಮೆ ಮಾಡುತ್ತಾ ಮುಚ್ಚುತ್ತಾರೆ. ಮೊದಲು ಉಣ್ಣೆಯಲ್ಲಿ ಹಾಕಿದ್ದರು. ಜುಂಗು ಎದ್ದು ಚೆಂಡು ದಪ್ಪವಾಗಿ ಬಟ್ಟಲಲ್ಲಿ ಸಿಕ್ಕಿಕೊಂಡಿತು. ದಾರ ಬದಲಾಯಿಸಿದರು.

"ನೋಡೋ, ಇಷ್ಟು ಬಿಗಿ ಸಾಕಾ? ಮೇಲೆ ಇನ್ನೊಂದು ಪದರ ಹಾಕಲಾ?"

"ಬೇಡಮ್ಮ, ಇನ್ನೊಂದು ಹಾಕಿದ್ರೆ ಇಳಿಯೋದೇ ಇಲ್ಲ."

ಅವರು ಚೆಂಡನ್ನು ತಾವೇ ಬಟ್ಟಲಿಗೆ ಹಾಕಿ, ಕವುಚಿ, ಎತ್ತಿ ನೋಡುತ್ತಾರೆ. "ನಮ್ಮೂರಿಗೆ ಸುಡುಗಾಡು ಸಿದ್ಧರು ಬರ್ತಿದ್ರಲ್ಲ, ಅವರಿಗೆ ಯಾರು ಹೆಣೆದುಕೊಡ್ತಿದ್ರೋ" ಎನ್ನುತ್ತಾರೆ.

ಒಳ್ಳೆಯ ಪ್ರಶ್ನೆ. ಊರೂರು ತಿರುಗುವ ಸುಡುಗಾಡು ಸಿದ್ಧರ ಕೈಚಳಕ ಕರ್ನಾಟಕದ ಜನಪದ ಕಲೆಗಳಲ್ಲೊಂದು. ಮೇಜಿಲ್ಲ, ಕೋಟಿನ ಜೇಬಿಲ್ಲ, ಸುತ್ತಲೂ ಜನ. ನಮ್ಮ ದೇಶದ ಬೀದಿ ಬಟ್ಟಲಿನ ಆಕಾರವೇ ಬೇರೆ. ತಗ್ಗಾದ ಅಗಲ ಬಾಯಿ, ತಲೆಯ ಮೇಲೆ ಹಿಡಿಯಲು ಗುಬಟು, ಬಟ್ಟೆಯ ಚೆಂಡು. ಕುಕ್ಕರಗಾಲಲ್ಲೋ ಚಕ್ಕಂಬಟ್ಟಲೆ ಹಾಕಿಯೋ ನೆಲದ ಮೇಲೆ ಕೂತು, ಎರಡು ಬೆರಳ ಸಂದಿಯಲ್ಲಿ ಗುಬಟು ಹಿಡಿದು ಆಡುವ ಆಟ. ಈ ಆಟ ಲಂಡನ್ನಿಗೆ ಹೊಸತೂ ಅಲ್ಲ. 1810ರ ದಶಕದಲ್ಲಿ ಪಾಲ್‌ಮಾಲ್ ಬೀದಿಯಲ್ಲಿ ಭಾರತದ ಜಾದೂಗಾರರು ಬಟ್ಟಲು-ಚೆಂಡು ಆಡಿ ತೋರಿಸುತ್ತಿದ್ದರು. ಆ ಕಾಲದ ಇಲ್ಲಿನ ಭಾರತೀಯ ಆಟಗಾರರಲ್ಲಿ ದೊಡ್ಡ ಹೆಸರು ರಾಮೊ ಸಾಮಿಯದು. ಲೇಖಕ ವಿಲಿಯಂ ಹ್ಯಾಜ್ಲಿಟ್ ಇಂಥ ಆಟಗಾರರ ಹಿತ್ತಾಳೆ ಚೆಂಡಿನ ಆಟ ನೋಡಿ ಬೆರಗಾಗಿ ಒಂದು ಪ್ರಬಂಧವನ್ನೇ ಬರೆದ. 1850ರಲ್ಲಿ ರಾಮೊ ಸಾಮಿ ಲಂಡನ್ನಿನಲ್ಲೇ ತೀರಿಕೊಂಡಾಗ ಮಣ್ಣು ಮಾಡಲೂ ಮನೆಯಲ್ಲಿ ಕಾಸಿರಲಿಲ್ಲ, ಹೆಂಡತಿ ಜನರ ನೆರವು ಕೇಳಬೇಕಾಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹೆಣೆದ ಚೆಂಡು ಎರಡಾದವು. ಮೂರನೆಯ ಬಟ್ಟಲಿಗೆ ಏನಾದರೂ ತಿನ್ನುವಂಥದ್ದು ಬೇಕೆಂಬುದು ಗೆಳೆಯನ ಹಟ. ಅದರ ಹಿಂದೆ ದೊಡ್ಡವರ ಮೇಲ್ಪಂಕ್ತಿಯಿದೆ. 20ನೆಯ ಶತಮಾನದ ಜಾದೂಗಾರರಿಗೆ ಗುರುವಿನಂತಿದ್ದ ಕೆನಡಾದ ಡೈ ವರ್ನನ್ ತನ್ನ ಬಟ್ಟಲುಗಳಿಂದ ನಿಂಬೆಹಣ್ಣು ಹೊರಡಿಸುತ್ತಿದ್ದ. ಬೀದಿ ಜಾದೂಗಾರ ಗ್ಯಾಝೊ ಕೊನೆಗೆ ಕರಬೂಜದ ಹಣ್ಣನ್ನೇ ತರುತ್ತಾನೆ, ಅದಕ್ಕೆ ಬಟ್ಟಲು ಸಾಲದೆ ಟೋಪಿ ಬೇಕು. ಸಂತೆಯಲ್ಲಿ ಸಿಗುವ ವಸ್ತುವಿಗೆ ಒಂದು ಬಲವಿದೆ. ಅದರ ಗಾತ್ರ, ತೂಕ, ಗಟ್ಟಿತನ ನೋಡುವವರ ಕೈಗೆ ಮೊದಲೇ ಗೊತ್ತು. ಹಣ್ಣನ್ನು ಯಾರೂ ಮಡಚಲಾರರು ಎಂಬುದೂ ಗೊತ್ತು. ಕೊಯ್ದು ರಸ ಹಿಂಡಿ ತೋರಿಸಿದರೆ ಮಾತು ಮುಗಿಯಿತು.

ಸಟನ್ನಿನ ಅಂಗಡಿಯ ಹಳದಿ ನಿಂಬೆ ಉದ್ದ ಮೂತಿಯದು. ನಿಲ್ಲಿಸಿದರೆ ಬಟ್ಟಲಿಗೆ ಹೋಗುತ್ತದೆ, ಮಲಗಿದರೆ ಅಂಚು ಎತ್ತುತ್ತದೆ. ನಮ್ಮೂರ ನಿಂಬೆಯಂತೆ ದುಂಡಗಿರುವ ಹಸಿರು ಲೈಮ್ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಅಷ್ಟಕ್ಕೇ ಒಪ್ಪಿಕೊಳ್ಳಬಹುದಿತ್ತು. ಆದರೆ ಮಗಳು ಸೋಫಾದ ಮೇಲಿಂದ, "ಅಪ್ಪಾ, ಯುಗಾದಿಗೆ ಮಾವಿನಕಾಯಿ ಬರಬೇಕಲ್ವಾ?" ಎಂದಳು. ಅಲ್ಲಿಗೆ ಲೈಮು ಹಣ್ಣಿನ ಬುಟ್ಟಿಗೆ ವಾಪಸಾಯಿತು.

ಟೂಟಿಂಗಿಗೆ ಸಟನ್ನಿನಿಂದ ನೇರ ರೈಲಿದೆ. ಅಲ್ಲಿ ದಕ್ಷಿಣ ಭಾರತದ ತರಕಾರಿ ಮಾರುವ ಅಂಗಡಿಗಳಿವೆ. ಗೆಳೆಯ ಕೋಟಿನ ಜೇಬಲ್ಲಿ ತಾಮ್ರದ ಬಟ್ಟಲು ಇಟ್ಟುಕೊಂಡು ಹೊರಟ, ನಾನೂ ಜೊತೆಗೆ ಹೋದೆ. ಬುಟ್ಟಿಯ ಮುಂದೆ ನಿಂತು ಕಾಯಿಯೊಂದನ್ನು ಎತ್ತಿ ಬಟ್ಟಲಿಗೆ ಇಳಿಸಿ, ತೆಗೆದು, ಇನ್ನೊಂದನ್ನು ಎತ್ತುತ್ತಿದ್ದರೆ ಅಂಗಡಿಯವರು ಮೊದಲು ಹುಬ್ಬೇರಿಸಿದರು, ಆಮೇಲೆ ತಾವೇ ಚಿಕ್ಕ ಕಾಯಿಗಳನ್ನು ಆರಿಸಿ ಕೊಡತೊಡಗಿದರು. ಹೆಚ್ಚಿನವು ಅಂಗೈ ಮೀರಿದವು. ಕೊನೆಗೊಂದು ಸಿಕ್ಕಿತು: ಗಿಡ್ಡ, ಗಟ್ಟಿ, ಒಂದು ಕೆನ್ನೆ ಮಾತ್ರ ಕೊಂಚ ಉಬ್ಬು.

ಆ ಉಬ್ಬಿನಿಂದಾಗಿ ಅದು ಒಂದೇ ದಿಕ್ಕಿನಲ್ಲಿ ಒಳಗೆ ಹೋಗುತ್ತದೆ. ತೊಟ್ಟು ಮೇಲಾಗಿ ಹೋದರೆ ಸಲೀಸು, ಅಡ್ಡ ತಿರುಗಿದರೆ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಅದು ಕಾದು ಕೂರುವ ಜಾಗದಲ್ಲೂ ತೊಟ್ಟು ಹೆಬ್ಬೆರಳಿಗೆ ಸಿಗುವಂತೆಯೇ ಮಲಗಿರಬೇಕು. ನೋಡದೆ ಎತ್ತಿಕೊಂಡಾಗ ಬೆರಳೇ ದಿಕ್ಕು ಹೇಳಬೇಕು. ಮನೆಗೆ ಬಂದು ರಾತ್ರಿಯವರೆಗೂ ಅದೊಂದನ್ನೇ ಅಭ್ಯಾಸ ಮಾಡಿದ. ಅಮ್ಮ ಕಾಯಿಯನ್ನು ಒತ್ತಿ ನೋಡಿ, ಕಾರ್ಯಕ್ರಮದ ಹೊತ್ತಿಗೆ ಇದು ಮೆತ್ತಗಾಗಿಬಿಡುತ್ತದೆ, ಇದರಲ್ಲಿ ನಾಳೆ ಚಿತ್ರಾನ್ನ ಮಾಡೋಣ ಎಂದರು. ಕಾರ್ಯಕ್ರಮ ಶನಿವಾರ. ಶುಕ್ರವಾರ ಸಂಜೆ ಬಟ್ಟಲು ಜೇಬಿಗೆ ಹಾಕಿಕೊಂಡು ಮತ್ತೆ ಟೂಟಿಂಗಿಗೆ ಹೋಗಬೇಕು.