ಗುರುವಾರದ ಅಂಕಿ: ಟಿಆರ್‌ಪಿಯ ಹಿಂದಿನ ಗಣಿತ

ಟೆಲಿವಿಷನ್ ಕಾರ್ಯಕ್ರಮವೊಂದರ ಟಿಆರ್‌ಪಿ ಎಂದರೆ, ಅದು ಪ್ರಸಾರವಾದ ಹೊತ್ತಿನ ಸರಾಸರಿ ಒಂದು ನಿಮಿಷದಲ್ಲಿ, ಟಿವಿ ಇರುವ ಮನೆಗಳ ಜನರ ಪೈಕಿ ನೂರಕ್ಕೆ ಎಷ್ಟು ಮಂದಿ ಅದನ್ನು ನೋಡುತ್ತಿದ್ದರು ಎಂಬ ಅಂದಾಜು. ಮಾಪನ ಸಂಸ್ಥೆಗಳು ಇದನ್ನು ಟಿವಿಆರ್ ಎನ್ನುತ್ತವೆ. ಶನಿವಾರದಿಂದ ಶುಕ್ರವಾರದವರೆಗಿನ ವಾರದ ಲೆಕ್ಕ ಮುಂದಿನ ಗುರುವಾರ ಹೊರಬೀಳುತ್ತದೆ. ಅಂದೇ ಪತ್ರಿಕೆಗಳ ಸಿನಿಮಾ ಪುಟಗಳಲ್ಲಿ ಯಾವ ಧಾರಾವಾಹಿ ಮೊದಲು, ಯಾವುದು ಎರಡನೆಯದು ಎಂಬ ಪಟ್ಟಿ ಬರುತ್ತದೆ. ಪಟ್ಟಿ ಓದುವವರು ಅದನ್ನು ಪರೀಕ್ಷೆಯ ಫಲಿತಾಂಶದಂತೆ ಓದುತ್ತಾರೆ. ಅದು ಧಾರಾವಾಹಿಯ ಗುಣಕ್ಕೆ ಕೊಟ್ಟ ಅಂಕವಲ್ಲ, ಜಾಹೀರಾತಿನ ಹೊತ್ತನ್ನು ಮಾರಲು ಮಾಡಿಕೊಂಡ ಅಳತೆ.

ಈ ಅಳತೆಗೆ ಸಿಕ್ಕವರು ಯಾರು, ಸಿಗದವರು ಯಾರು ಎಂಬುದು ಕಾಲಕಾಲಕ್ಕೆ ಬದಲಾಗಿದೆ. ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯ ಪಾಳ್ಯ ಆಲೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ, ಜೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ ಆರಂಭವಾದವು. ಇಂಥ ಊರುಗಳ ಹೆಂಚಿನ ಮಾಡಿನ ಮೇಲೂ ಡಿಶ್ ಆಂಟೆನಾ ಕಾಣಿಸಿಕೊಂಡು, ಸಂಜೆಯ ಧಾರಾವಾಹಿ ಮನೆಮನೆಯ ಮಾತಾಯಿತು. ಆದರೆ 2015ರ ಅಕ್ಟೋಬರ್‌ವರೆಗೆ ಪಾಳ್ಯದಂಥ ಹಳ್ಳಿಗಳ ವೀಕ್ಷಣೆ ವಾರದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮೀಟರುಗಳಿದ್ದದ್ದು ನಗರ, ಪಟ್ಟಣಗಳಲ್ಲಿ. ಹಳ್ಳಿಯ ಕಥೆ ಹೇಳುವ ಧಾರಾವಾಹಿ ಉಳಿಯಬೇಕೋ ಮುಗಿಯಬೇಕೋ ಎಂಬುದನ್ನು ಪೇಟೆಯ ಮನೆಗಳು ತೀರ್ಮಾನಿಸುತ್ತಿದ್ದವು.

ಅಳತೆಯ ಚರಿತ್ರೆ ಟಿವಿಗಿಂತ ಹಳೆಯದು. ಅಮೆರಿಕದಲ್ಲಿ 1930ರಲ್ಲಿ ಆರ್ಚಿಬಾಲ್ಡ್ ಕ್ರಾಸ್ಲಿ ಎಂಬಾತ ಮನೆಗಳಿಗೆ ಫೋನ್ ಮಾಡಿಸಿ, ನಿನ್ನೆ ರೇಡಿಯೊದಲ್ಲಿ ಏನು ಕೇಳಿದಿರಿ ಎಂದು ವಿಚಾರಿಸುವ ಪದ್ಧತಿ ತಂದ. ನಿನ್ನೆಯದು ಸರಿಯಾಗಿ ನೆನಪಿರುವುದಿಲ್ಲ. ಹೆಸರಾದ ಕಾರ್ಯಕ್ರಮವನ್ನು ಕೇಳದವರೂ ಕೇಳಿದೆವು ಎನ್ನುತ್ತಾರೆ. ಸಿ.ಇ. ಹೂಪರ್ ಪ್ರಶ್ನೆಯನ್ನು ತಿದ್ದಿ, ಈಗ ಏನು ಕೇಳುತ್ತಿದ್ದೀರಿ ಎಂದು ಕೇಳಿಸಿದ. ನೆನಪಿನ ದೋಷ ಹೋಯಿತು, ಫೋನ್ ಇದ್ದವರ ಮನೆಗಷ್ಟೇ ಪ್ರಶ್ನೆ ತಲುಪುವ ದೋಷ ಉಳಿಯಿತು. ಮನುಷ್ಯನನ್ನು ಕೇಳುವುದನ್ನು ಬಿಟ್ಟು ರೇಡಿಯೊವನ್ನೇ ಕೇಳಬಹುದು ಎಂದು ಹೊಳೆದದ್ದು ಎಂಐಟಿಯ ರಾಬರ್ಟ್ ಎಲ್ಡರ್ ಮತ್ತು ಲೂಯಿ ವುಡ್ರಫ್ ಅವರಿಗೆ. ರೇಡಿಯೊದ ಮುಳ್ಳು ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಸುರುಳುವ ಕಾಗದದ ಮೇಲೆ ಗೀರುವ ‘ಆಡಿಮೀಟರ್’ ಅವರದು. ಆರ್ಥರ್ ನೀಲ್ಸನ್ 1936ರಲ್ಲಿ ಅದರ ಹಕ್ಕನ್ನು ಕೊಂಡುಕೊಂಡು, 1950ರಲ್ಲಿ ಟಿವಿಗೂ ಅದನ್ನೇ ಹೊಂದಿಸಿದ. ಇಂದು ‘ನೀಲ್ಸನ್’ ಎಂದರೆ ರೇಟಿಂಗ್ ಎಂಬಷ್ಟು ಹೆಸರು. ಯಂತ್ರ ಕಂಡುಹಿಡಿದ ಇಬ್ಬರ ಹೆಸರು ಹೇಳುವವರು ಕಡಿಮೆ.

ಆಡಿಮೀಟರಿಗೆ ಪೆಟ್ಟಿಗೆ ಉರಿಯುತ್ತಿದೆ ಎಂದು ಗೊತ್ತಾಗುತ್ತಿತ್ತು, ಮುಂದೆ ಯಾರು ಕೂತಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ. ಸೋಪು ಮಾರುವವನಿಗೆ ಅಜ್ಜ ನೋಡಿದರೂ ಸೊಸೆ ನೋಡಿದರೂ ಒಂದೇ ಅಲ್ಲ. ಈ ಕೊರತೆ ನೀಗಿಸಿದ್ದು 1980ರ ದಶಕದ ಪೀಪಲ್ ಮೀಟರ್. ಇದರ ರಿಮೋಟಿನಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ, ನೆಂಟರಿಗೂ ಗುಂಡಿ. ಟಿವಿ ಮುಂದೆ ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಇಡೀ ಉದ್ಯಮದ ಲೆಕ್ಕ ನಿಂತಿರುವುದು ಮನೆಮಂದಿ ತಪ್ಪದೆ ಗುಂಡಿ ಒತ್ತುತ್ತಾರೆ ಎಂಬ ನಂಬಿಕೆಯ ಮೇಲೆ.

ಭಾರತದಲ್ಲಿ ದೂರದರ್ಶನದ ಕಾಲದ ಲೆಕ್ಕಕ್ಕೆ ಆಧಾರ ಮನೆಮಂದಿ ಬರೆದಿಡುತ್ತಿದ್ದ ಡೈರಿ. ಮೀಟರ್ ಯುಗದಲ್ಲಿ ಟ್ಯಾಮ್ ಮತ್ತು ಇಂಟ್ಯಾಮ್ ಎಂಬ ಎರಡು ಸಂಸ್ಥೆಗಳು ಪೈಪೋಟಿಯಲ್ಲಿದ್ದವು. 2001ರಲ್ಲಿ ಮುಂಬಯಿಯ ಮೀಟರ್ ಮನೆಗಳ ಪಟ್ಟಿ ಸೋರಿಹೋಗಿ ದೊಡ್ಡ ಗದ್ದಲವಾಯಿತು. ಆಮೇಲೆ ಎರಡೂ ಒಂದಾಗಿ, ಟ್ಯಾಮ್ ಬಹುಕಾಲ ನಡೆಯಿತು. ಟ್ಯಾಮ್‌ನ ಮಾದರಿ ಚಿಕ್ಕದು, ಹಳ್ಳಿಗಳಿಲ್ಲ ಎಂಬ ದೂರು ಬಲಿತಾಗ ವಾಹಿನಿಗಳು, ಜಾಹೀರಾತುದಾರರು, ಜಾಹೀರಾತು ಏಜೆನ್ಸಿಗಳು ಕೂಡಿ ‘ಬಾರ್ಕ್’ ಎಂಬ ಸಂಸ್ಥೆ ಕಟ್ಟಿಕೊಂಡವು. ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ರೇಟಿಂಗ್ ಸಂಸ್ಥೆಗಳಿಗೆ ಮಾರ್ಗಸೂಚಿ ತಂದು, ಕನಿಷ್ಠ 20,000 ಮನೆಗಳಿಂದ ಶುರುಮಾಡಿ 50,000ಕ್ಕೆ ಏರಿಸಬೇಕೆಂದು ವಿಧಿಸಿತು. ಬಾರ್ಕ್‌ನ ಮೊದಲ ಅಂಕಿ ಬಂದದ್ದು 2015ರ ಏಪ್ರಿಲ್‌ನಲ್ಲಿ. ಹಳ್ಳಿಗಳು ಸೇರಿದ್ದು ಅದೇ ಅಕ್ಟೋಬರ್‌ನಲ್ಲಿ. ಸೇರುತ್ತಿದ್ದಂತೆ ಹಿಂದಿಯಲ್ಲಿ ಚಂದಾ ಇಲ್ಲದೆ ಉಚಿತವಾಗಿ ಸಿಗುವ, ಹಳೆಯ ಧಾರಾವಾಹಿಗಳನ್ನೇ ಹಾಕುವ ವಾಹಿನಿಗಳು ಪಟ್ಟಿಯ ಮೇಲ್ಭಾಗಕ್ಕೆ ಬಂದವು. ಜನ ಬದಲಾಗಿರಲಿಲ್ಲ, ಎಣಿಸುವ ಜಾಗ ಬದಲಾಗಿತ್ತು.

ಬಾರ್ಕ್‌ನ ಮೀಟರ್ ಚಿತ್ರವನ್ನು ನೋಡುವುದಿಲ್ಲ, ಶಬ್ದ ಕೇಳುತ್ತದೆ. ವಾಹಿನಿಯವರು ತಮ್ಮ ಧ್ವನಿಯೊಳಗೆ ಕಿವಿಗೆ ಕೇಳಿಸದ ಒಂದು ಗುರುತನ್ನು ಬೆರೆಸಿ ಪ್ರಸಾರ ಮಾಡುತ್ತಾರೆ. ಅದಕ್ಕೆ ವಾಟರ್‌ಮಾರ್ಕ್ ಎಂದು ಹೆಸರು. ಜೋರು ಶಬ್ದವಿರುವಾಗ ಅದರ ಆಸುಪಾಸಿನ ಕಂಪನಾಂಕದ ಸಣ್ಣ ಶಬ್ದ ನಮ್ಮ ಕಿವಿಗೆ ತಿಳಿಯುವುದಿಲ್ಲ. ಆ ಮರೆಯಲ್ಲಿ ಗುರುತು ಅಡಗಿರುತ್ತದೆ. ಯಾವ ವಾಹಿನಿ, ಎಷ್ಟು ಹೊತ್ತಿಗೆ ಹೊರಟದ್ದು ಎಂಬ ಎರಡೂ ಅದರಲ್ಲಿವೆ. ಹೀಗಾಗಿ ಕೇಬಲ್ಲೋ ಡಿಟಿಎಚ್ಚೋ ಎಂಬುದು ಮೀಟರಿಗೆ ಮುಖ್ಯವಲ್ಲ. ಧ್ವನಿ ಮನೆಯೊಳಗೆ ಬಂದರೆ ಸಾಕು.

ಈಗ ಮಾದರಿಯ ಮಾತು. 2020ರ ಬಾರ್ಕ್ ಅಂದಾಜಿನಂತೆ ದೇಶದಲ್ಲಿ ಸುಮಾರು 21 ಕೋಟಿ ಟಿವಿ ಮನೆಗಳು. ಆಗಿದ್ದ ಮೀಟರುಗಳು 44,000. ಅಂದರೆ ಸುಮಾರು 4,800 ಮನೆಗೆ ಒಂದು. ಲೆಕ್ಕಕ್ಕೆ 20,000 ಟಿವಿ ಮನೆಗಳ ತಾಲ್ಲೂಕೊಂದನ್ನು ಇಟ್ಟುಕೊಂಡರೆ ಅದಕ್ಕೆ ನಾಲ್ಕು ಮೀಟರ್ ಬರಬಹುದು, ಒಂದೂ ಬಾರದೆ ಇರಬಹುದು. ಇಷ್ಟರಿಂದ ಏನು ತಿಳಿದೀತು ಎಂಬ ಅನುಮಾನ ಸಹಜ.

ಸಕಲೇಶಪುರ, ಬಾಳ್ಳುಪೇಟೆ ಕಡೆಯ ಕಾಫಿ ಬೆಳೆಗಾರರಿಗೆ ಉತ್ತರ ಹೊಸದಲ್ಲ. ರೊಬಸ್ಟಾ ಚೆರಿಯ ಲೋಡು ಬಂದಾಗ ವ್ಯಾಪಾರಿ ಎಲ್ಲ ಮೂಟೆಗಳನ್ನೂ ಸುಲಿಸಿ ನೋಡುವುದಿಲ್ಲ. ಮೂಟೆಗಳಿಂದ ಅಷ್ಟಷ್ಟು ತೆಗೆದು ಬೆರೆಸಿ, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾನೆ. 50 ಕೆ.ಜಿ. ಚೆರಿಗೆ 26 ಕೆ.ಜಿ. ಬೀಜವೋ 28 ಕೆ.ಜಿ.ಯೋ ಎಂಬ ಔಟ್‌ಟರ್ನ್ ಅಲ್ಲೇ ಗೊತ್ತಾಗಿ, ಇಡೀ ಲೋಡಿಗೆ ಅದೇ ಬೆಲೆ. ಇಲ್ಲಿ ಗಮನಿಸಬೇಕಾದ ಸಂಗತಿ, ಲೋಡಿನಲ್ಲಿ 50 ಮೂಟೆ ಇದ್ದರೂ 500 ಇದ್ದರೂ ಹಿಡಿ ಮಾದರಿಯ ನಂಬಿಕೆ ಹೆಚ್ಚುಕಡಿಮೆ ಒಂದೇ. ನಂಬಿಕೆ ನಿಂತಿರುವುದು ತೆಗೆದ ಮಾದರಿ ಎಷ್ಟು ಮತ್ತು ಹೇಗೆ ಎಂಬುದರ ಮೇಲೆ. ರಾಶಿಯ ಗಾತ್ರದ ಮೇಲಲ್ಲ. ಮೇಲಿನ ಮೂಟೆಯಿಂದ ಮಾತ್ರ ತೆಗೆದರೆ ಲೆಕ್ಕ ಕೆಟ್ಟಿತು. ಯಾವ ಮೂಟೆಗೆ ಕೈ ಹಾಕುತ್ತಾರೆ ಎಂದು ಮಾರುವವನಿಗೆ ಮೊದಲೇ ಗೊತ್ತಿದ್ದರಂತೂ ಒಳ್ಳೆಯ ಕಾಫಿಯೆಲ್ಲ ಆ ಮೂಟೆಯಲ್ಲೇ ಇರುತ್ತದೆ. ಮೀಟರ್ ಮನೆಗಳ ವಿಳಾಸವನ್ನು ಗುಟ್ಟಾಗಿಡುವುದು ಇದೇ ಕಾರಣಕ್ಕೆ. ಪಿ.ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯನ್ನು ಹೀಗೆ ಮಾದರಿಯಿಂದ ಅಂದಾಜು ಮಾಡಿ ತೋರಿಸಿದ ಮೇಲೆ, 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಟಿವಿ ರೇಟಿಂಗ್ ಹಿಂದಿರುವುದೂ ಇದೇ ಸಂಖ್ಯಾಶಾಸ್ತ್ರ.

ಈ ಶಾಸ್ತ್ರ ತಪ್ಪಿನ ಅಗಲವನ್ನೂ ಹೇಳಿಬಿಡುತ್ತದೆ. ಮಾದರಿಯಲ್ಲಿ 1,600 ಜನರಿದ್ದು ಟಿವಿಆರ್ 5 ಬಂದರೆ, ನಿಜವಾದ ಬೆಲೆ ಸುಮಾರು 4ರಿಂದ 6ರೊಳಗೆ ಇರಬಹುದು. 400 ಜನರಾದರೆ 3ರಿಂದ 7. 100 ಜನರಾದರೆ 1ರಿಂದ 9. ತಪ್ಪನ್ನು ಅರ್ಧಕ್ಕೆ ಇಳಿಸಲು ಮಾದರಿಯನ್ನು ನಾಲ್ಕುಪಟ್ಟು ಮಾಡಬೇಕು, ಖರ್ಚೂ ಅದರೊಟ್ಟಿಗೆ ಏರುತ್ತದೆ. ಒಂದೇ ಮನೆಯ ನಾಲ್ವರು ಒಟ್ಟಿಗೆ ಒಂದೇ ವಾಹಿನಿ ನೋಡುವುದರಿಂದ ನಿಜವಾದ ತಪ್ಪು ಇನ್ನೂ ಸ್ವಲ್ಪ ಹೆಚ್ಚು. ಹೀಗಿರುವಾಗ 8.1 ಪಡೆದದ್ದು 8.0 ಪಡೆದದ್ದನ್ನು ‘ಹಿಂದಿಕ್ಕಿತು’ ಎಂಬ ಸುದ್ದಿಗೆ ಹೆಚ್ಚು ಅರ್ಥವಿಲ್ಲ. ಉಮಾಶ್ರೀ ನಟಿಸಿದ, 2021ರ ಡಿಸೆಂಬರ್‌ನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಂತೆ ವಾರಗಟ್ಟಲೆ ಮೇಲೆಯೇ ನಿಂತರೆ ಅದು ಬೇರೆ ಮಾತು.

ಉಳಿದ ಪದಗಳನ್ನು ಒಂದು ಕಲ್ಪಿತ ಲೆಕ್ಕದಿಂದ ಬಿಡಿಸಬಹುದು. ಟಿವಿ ಮನೆಗಳಲ್ಲಿ ಒಟ್ಟು 100 ಜನ. ಅರ್ಧ ಗಂಟೆಯ ಧಾರಾವಾಹಿಯನ್ನು 20 ಜನ ಪೂರ್ತಿ ನೋಡಿದರು, ಇನ್ನು 20 ಜನ 15 ನಿಮಿಷ ನೋಡಿ ಎದ್ದರು. ಇಣುಕಿದವರು ಒಟ್ಟು 40; ಇದು ರೀಚ್. ನೋಡಿದ ನಿಮಿಷಗಳು 600 ಮತ್ತು 300, ಒಟ್ಟು 900. ಅದನ್ನು 30 ನಿಮಿಷಕ್ಕೆ ಹಂಚಿದರೆ ಸರಾಸರಿ ನಿಮಿಷಕ್ಕೆ 30 ಜನ; ಇದು ಎಎಂಎ, ಅಂದರೆ ಆವರೇಜ್ ಮಿನಿಟ್ ಆಡಿಯನ್ಸ್. ಅದನ್ನೇ ಶೇಕಡಾದಲ್ಲಿ ಹೇಳಿದರೆ ಟಿವಿಆರ್ 30. ಒಬ್ಬೊಬ್ಬರು ನೋಡಿದ್ದು ಸರಾಸರಿ 22.5 ನಿಮಿಷ, ಇದು ಟೈಮ್ ಸ್ಪೆಂಟ್. ಅದೇ ಹೊತ್ತಿನಲ್ಲಿ ಎಲ್ಲ ವಾಹಿನಿ ಸೇರಿ ಸರಾಸರಿ 50 ಜನ ಟಿವಿ ಮುಂದಿದ್ದರೆ ಈ ಧಾರಾವಾಹಿಯ ಶೇರ್ ಶೇ. 60.

ಯಾವ ಸಂಖ್ಯೆ ದೊಡ್ಡದೋ ಅದನ್ನೇ ವಾಹಿನಿಗಳು ಪ್ರಕಟಿಸುತ್ತವೆ. ‘ಕೋಟಿ ಜನ ನೋಡಿದರು’ ಎಂಬ ಜಾಹೀರಾತು ಸಾಮಾನ್ಯವಾಗಿ ರೀಚ್. ಒಂದು ನಿಮಿಷ ನಿಂತು ಮುಂದಿನ ವಾಹಿನಿಗೆ ಹೋದವರೂ ಅದರಲ್ಲಿ ಸೇರಿದ್ದಾರೆ. ಎಎಂಎ ಹಾಗೆ ಉಬ್ಬುವುದಿಲ್ಲ. ಟಿವಿಆರ್‌ಗೂ ಶೇರ್‌ಗೂ ಇರುವ ವ್ಯತ್ಯಾಸಕ್ಕೆ ಮಲೆನಾಡಿನ ಮಳೆಗಾಲ ಒಳ್ಳೆಯ ನಿದರ್ಶನ. ಡಿಟಿಎಚ್ ಬಳಸುವ ಕು ಬ್ಯಾಂಡ್ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಮಳೆಹನಿ ಅದನ್ನು ಹೀರುತ್ತದೆ, ಚದುರಿಸುತ್ತದೆ. ಆಷಾಢದ ಮಳೆ ಜಡಿದಾಗ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ, ಕರೆಂಟೂ ಹೋಗುತ್ತದೆ. ಆಗ ಎಲ್ಲ ವಾಹಿನಿಗಳ ಟಿವಿಆರ್ ಒಟ್ಟಿಗೆ ಇಳಿಯುತ್ತದೆ. ಟಿವಿ ಹತ್ತಿದ ಮನೆಗಳಲ್ಲಿ ಯಾರ ಪಾಲೆಷ್ಟು ಎಂಬ ಶೇರ್ ಮಾತ್ರ ಹೆಚ್ಚು ಕದಲುವುದಿಲ್ಲ.

ಜಾಹೀರಾತುದಾರನಿಗೆ ನೂರೂ ಜನ ಬೇಕಿಲ್ಲ. ಅವನಿಗೆ ಬೇಕಾದವರ ಗುಂಪು ಟಿಜಿ, ಅಂದರೆ ಟಾರ್ಗೆಟ್ ಗ್ರೂಪ್. 22ರಿಂದ 40 ವರ್ಷದ ಮಹಿಳೆಯರು, ಎನ್‌ಸಿಸಿಎಸ್ ಎ ಮತ್ತು ಬಿ ಎಂಬಂತೆ ಅದನ್ನು ಗೊತ್ತುಮಾಡುತ್ತಾರೆ. ಎನ್‌ಸಿಸಿಎಸ್ ಮನೆಗಳನ್ನು ದರ್ಜೆಗೆ ಹಾಕುವ ಪದ್ಧತಿ. ಆದಾಯ ಎಷ್ಟೆಂದು ಕೇಳಿದರೆ ಯಾರೂ ನಿಜ ಹೇಳರು ಎಂದು, ಮುಖ್ಯವಾಗಿ ದುಡಿಯುವವರ ಓದು ಮತ್ತು ಮನೆಯಲ್ಲಿರುವ ವಸ್ತುಗಳನ್ನು ಅದು ನೋಡುತ್ತದೆ. ಫ್ಯಾನು, ಗ್ಯಾಸ್ ಒಲೆ, ಬೈಕು, ಫ್ರಿಜ್ಜು, ಕಾರು ಇತ್ಯಾದಿ 11 ಬಾಬುಗಳಲ್ಲಿ ಕೃಷಿ ಭೂಮಿಯೂ ಒಂದು. ಎರಡು ಎಕರೆ ಕಾಫಿ ಇದ್ದವರೂ ಇನ್ನೂರು ಎಕರೆ ಇದ್ದವರೂ ಆ ಒಂದು ಬಾಬಿನಲ್ಲಿ ಸಮಾನರು. ಟಿಜಿ ಕಿರಿದಾದಷ್ಟೂ ಮಾದರಿಯಲ್ಲಿ ಉಳಿಯುವ ಜನ ಕಡಿಮೆ, ಮೇಲೆ ಹೇಳಿದ ತಪ್ಪಿನ ಅಗಲ ಹೆಚ್ಚು.

ಮಾರಾಟದ ಏಕಮಾನ 10 ಸೆಕೆಂಡು. 30 ಸೆಕೆಂಡಿನ ಜಾಹೀರಾತು ಮೂರು ಏಕಮಾನ. ಕೇಬಲ್ ಟೆಲಿವಿಷನ್ ನಿಯಮಗಳಂತೆ ಗಂಟೆಗೆ 12 ನಿಮಿಷ ಮೀರಬಾರದು. ಅದರಲ್ಲಿ 10 ನಿಮಿಷ ವಾಣಿಜ್ಯ ಜಾಹೀರಾತು, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರ. ಹಾಗೆ ಮಾರಲು ಸಿಗುವ ಹೊತ್ತು ಎಫ್‌ಸಿಟಿ. ಸಂಜೆಯ ಪ್ರೈಮ್ ಟೈಮಿನ ಎಫ್‌ಸಿಟಿಗೆ ಬೆಲೆ ಹೆಚ್ಚು. ಧಾರಾವಾಹಿಯ ಮಹತ್ವದ ತಿರುವನ್ನು ಒಂದು ಗಂಟೆಯ ಮಹಾಸಂಚಿಕೆ ಮಾಡುವುದರ ಹಿಂದೆ ಈ ಲೆಕ್ಕವೂ ಇದೆ.

ಒಂದು ಜಾಹೀರಾತು 4 ಟಿವಿಆರ್ ಇರುವ ಕಾರ್ಯಕ್ರಮದಲ್ಲಿ 5 ಸಲ, 6 ಟಿವಿಆರ್ ಇರುವಲ್ಲಿ 10 ಸಲ ಬಂದರೆ 20 ಮತ್ತು 60 ಸೇರಿ 80. ಇದು ಜಿಆರ್‌ಪಿ. ಇಡೀ ಪ್ರಚಾರ ಮುಟ್ಟಿದ್ದು ಶೇ. 40 ಜನರನ್ನಾದರೆ, ಅವರು ಸರಾಸರಿ ಎರಡು ಸಲ ನೋಡಿದಂತಾಯಿತು, ಇದು ಫ್ರೀಕ್ವೆನ್ಸಿ. ಒಬ್ಬರೇ ಹತ್ತು ಸಲ ನೋಡಿದರೂ ಕೂಡುವುದರಿಂದ ಜಿಆರ್‌ಪಿ ನೂರನ್ನು ಮೀರುವುದು ಸಾಮಾನ್ಯ. ಮೂರು ಸಲ ನೋಡಿದರೆ ಜಾಹೀರಾತು ನಾಟುತ್ತದೆ ಎಂಬ ಸೂತ್ರವೊಂದು ಏಜೆನ್ಸಿಗಳಲ್ಲಿ ವೇದವಾಕ್ಯವಾಗಿದೆ. ಇದರ ಬೇರು ಹರ್ಬರ್ಟ್ ಕ್ರುಗ್ಮನ್ 1972ರಲ್ಲಿ ಬರೆದ ಲೇಖನ. ಅವನು ಹೇಳಿದ ಮೂರು ಎಣಿಕೆಯಲ್ಲ, ಮನಸ್ಸಿನ ಮೂರು ಹಂತ: ಇದೇನು ಎಂಬ ಕುತೂಹಲ, ನನಗೇನು ಎಂಬ ವಿಚಾರ, ಆಮೇಲೆ ನೆನಪು. ಹಂತವನ್ನು ಎಣಿಕೆ ಮಾಡಿದ್ದು ಆನಂತರದವರು. ಎಣಿಕೆಯಾದರೆ ಮಾರುವುದು ಸುಲಭ.

ಬೆಲೆಯನ್ನು ಹೋಲಿಸಲು ಸಿಪಿಆರ್‌ಪಿ. 10 ಸೆಕೆಂಡಿಗೆ 10,000 ರೂಪಾಯಿ ಕೇಳುವ, 4 ಟಿವಿಆರ್ ಇರುವ ಕಾರ್ಯಕ್ರಮದಲ್ಲಿ ಒಂದು ಅಂಕಕ್ಕೆ 2,500 ರೂಪಾಯಿ ಬಿದ್ದಂತಾಯಿತು. 4,000 ರೂಪಾಯಿಯ, 1 ಟಿವಿಆರ್ ಇರುವ ಕಾರ್ಯಕ್ರಮ ಅಗ್ಗವಾಗಿ ಕಂಡರೂ ಅಂಕಕ್ಕೆ 4,000. ಸ್ಥಳೀಯ ಕೇಬಲ್ ವಾಹಿನಿಯಲ್ಲಿ ಓಡುವ ಬಟ್ಟೆ ಅಂಗಡಿ, ಚಿನ್ನದಂಗಡಿಯ ಜಾಹೀರಾತಿಗೆ ಈ ಯಾವುದೂ ಇಲ್ಲ. ಅಲ್ಲಿ ವಾಟರ್‌ಮಾರ್ಕ್ ಇಲ್ಲ, ಚೌಕಾಸಿ ಮಾತ್ರ.

ಅಳತೆಯ ಮೇಲೆ ಹಣ ನಿಂತಿರುವುದರಿಂದ ಅಳತೆಯನ್ನೇ ಬಗ್ಗಿಸುವ ಯತ್ನಗಳೂ ನಿಂತಿಲ್ಲ. ಸೆಟ್‌ಟಾಪ್ ಬಾಕ್ಸ್ ಹತ್ತಿಸಿದ ಕೂಡಲೇ ಒಂದು ನಿರ್ದಿಷ್ಟ ವಾಹಿನಿಯೇ ಮೂಡುವಂತೆ ಹಣ ಕೊಟ್ಟು ಮಾಡಿಸಿಕೊಳ್ಳುವುದು ಲ್ಯಾಂಡಿಂಗ್ ಪೇಜ್. ರಿಮೋಟ್ ಹುಡುಕುವಷ್ಟರಲ್ಲಿ ಅದು ರೀಚ್ ಆಗಿಬಿಡುತ್ತದೆ. ಇಂಥ ಅಸಹಜ ಏರಿಕೆಗಳನ್ನು ಗಣಿತದಿಂದ ಸೋಸಿ ತೆಗೆಯಲು ಬಾರ್ಕ್ ಯತ್ನಿಸುತ್ತದೆ. ಇನ್ನೊಂದು ದಾರಿ ನೇರವಾಗಿ ಮೀಟರ್ ಮನೆಗೆ ಹಣ ಮುಟ್ಟಿಸುವುದು. ಇಂಥ ಆರೋಪವನ್ನು ಮುಂಬಯಿ ಪೊಲೀಸರು 2020ರ ಅಕ್ಟೋಬರ್ 8ರಂದು ಬಹಿರಂಗಪಡಿಸಿದರು. ಅದೇ ತಿಂಗಳು ಬಾರ್ಕ್ ಸುದ್ದಿ ವಾಹಿನಿಗಳ ರೇಟಿಂಗನ್ನು ತಡೆಹಿಡಿಯಿತು. ಸುದ್ದಿ ವಾಹಿನಿಗಳ ಪ್ರೇಕ್ಷಕರು ಕಡಿಮೆ, ಆದ್ದರಿಂದ ಬೆರಳೆಣಿಕೆಯ ಮನೆಗಳು ಕೆಟ್ಟರೂ ಅವುಗಳ ಅಂಕ ಅಲುಗಾಡುತ್ತದೆ. ಮನರಂಜನಾ ವಾಹಿನಿಗಳಿಗೆ ಅಷ್ಟು ಸುಲಭವಾಗಿ ಆಗದು. 2022ರ ಮಾರ್ಚ್‌ನಲ್ಲಿ ಸುದ್ದಿ ರೇಟಿಂಗ್ ಮರಳಿದಾಗ ಅದು ವಾರದ ಅಂಕಿಯಾಗಿರಲಿಲ್ಲ, ನಾಲ್ಕು ವಾರಗಳ ಚಲಿಸುವ ಸರಾಸರಿಯಾಗಿತ್ತು. ಹಾಗೆ ಸರಾಸರಿ ತೆಗೆದಾಗ ಒಂದು ವಾರದ ಏರುಪೇರು ಕಾಲುಭಾಗಕ್ಕೆ ಇಳಿಯುತ್ತದೆ. ಚುನಾವಣಾ ಫಲಿತಾಂಶದ ಒಂದು ವಾರ ವಾಹಿನಿಯ ವೀಕ್ಷಣೆ ದುಪ್ಪಟ್ಟಾದರೂ, ಸರಾಸರಿಯಲ್ಲಿ ಕಾಣುವುದು ಕಾಲುಪಾಲು ಏರಿಕೆ.