ಕ್ಯಾಶುಯಾಲ್ಟಿಯಲ್ಲಿ ಮರೆಯದೆ ಹೇಳಿ: ಯಾವ ಔಷಧಿ ತಗೋತಿದ್ರು, ಯಾವುದನ್ನ ನಿಲ್ಲಿಸಿದ್ರು?

ಇವತ್ತಿನ ವಿಷಯ ಹಾರ್ಮೋನ್ ಎಮರ್ಜೆನ್ಸಿ. ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೆ ಮನೆಯಲ್ಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಆಟೋ ಹಿಡಿದು ಆಸ್ಪತ್ರೆಗೆ ಓಡೋದು, "ಏನಾಯ್ತು?" ಅಂತ ಕೇಳಿದಾಗ ಉತ್ತರ ಕೊಡೋದು ಹೆಚ್ಚಾಗಿ ನಮ್ಮ ವಯಸ್ಸಿನವರೇ. ಆ ಉತ್ತರದಲ್ಲಿ ಏನಿರಬೇಕು ಅನ್ನೋದೇ ಇವತ್ತಿನ ಮಾತು.

ಯಾಕಂದ್ರೆ ಹಾರ್ಮೋನ್ ತೊಂದರೆ ಬೇರೆ ವೇಷದಲ್ಲಿ ಬರುತ್ತೆ. ಒಂದು ಕುಡಿದವರ ಥರ ಕಾಣುತ್ತೆ, ಒಂದು ಫುಡ್ ಪಾಯ್ಸನ್ ಥರ, ಇನ್ನೊಂದು ಬರೀ ಜ್ವರದ ಥರ. ಡಾಕ್ಟರ್‌ಗೆ ಬೇಗ ಸುಳಿವು ಸಿಗೋದು ಎಷ್ಟೋ ಸಲ ನಮ್ಮ ಬಾಯಿಂದ.

ಕುಡಿದಂಗೆ ಕಂಡರೆ: ಸಕ್ಕರೆ ಕುಸಿತ

ಶುಗರ್ ಇರೋರಿಗೆ ಬೆವರು, ಕೈ ನಡುಕ, ತೊದಲು ಮಾತು, ಸಿಡುಕು ಕಂಡರೆ ಮೊದಲು ರಕ್ತದ ಸಕ್ಕರೆ ನೋಡಬೇಕು. ಅದಕ್ಕೇ ಕ್ಯಾಶುಯಾಲ್ಟಿಯಲ್ಲಿ ಪ್ರಜ್ಞೆ ತಪ್ಪಿ ಬಂದವರಿಗೆ ನರ್ಸ್ ಮೊದಲು ಬೆರಳು ಚುಚ್ಚಿ ಜಿಆರ್‌ಬಿಎಸ್ ನೋಡೋದು. 70ಕ್ಕಿಂತ ಕೆಳಗೆ ಬಂದ್ರೆ ಎಚ್ಚರಿಕೆ, 54ಕ್ಕಿಂತ ಕೆಳಗೆ ಅಪಾಯ.

ಎಚ್ಚರ ಇದ್ದು ನುಂಗೋಕೆ ಆಗುತ್ತೆ ಅಂದ್ರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ನರದ ಮೂಲಕ ಡೆಕ್ಸ್ಟ್ರೋಸ್ ಕೊಟ್ಟ ಮೇಲೆ ಎಷ್ಟೋ ಜನ ಕೆಲವೇ ನಿಮಿಷದಲ್ಲಿ ಎದ್ದು ಕೂರ್ತಾರೆ. "ಸರಿಹೋಯ್ತಲ್ಲ, ಮನೆಗೆ ಹೋಗೋಣ" ಅಂತ ಆಗ ಹೊರಡಬೇಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಂಡಿದ್ರೆ ಕೆಲವು ಗಂಟೆ ಆದ ಮೇಲೆ ಸಕ್ಕರೆ ಮತ್ತೆ ಬೀಳಬಹುದು, ಅದರಲ್ಲೂ ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇರೋರಿಗೆ. ಅದಕ್ಕೇ ಮಾತ್ರೆ ಹೆಸರು ಹೇಳಬೇಕು.

ಫುಡ್ ಪಾಯ್ಸನ್ ಥರ ಕಂಡರೆ: ಡಿಕೆಎ

ಡಿಕೆಎ ಅಂದ್ರೆ ಡಯಾಬಿಟಿಕ್ ಕೀಟೋಆಸಿಡೋಸಿಸ್. ಇದನ್ನ ನನ್ನ ಭಾಷೆಯಲ್ಲಿ ಹೇಳ್ತೀನಿ. ರಕ್ತದ ಸಕ್ಕರೆ ಅನ್ನೋದು ಖಾತೆಯಲ್ಲಿರೋ ದುಡ್ಡು, ಇನ್ಸುಲಿನ್ ಅನ್ನೋದು ಎಟಿಎಂ ಕಾರ್ಡ್. ಕಾರ್ಡ್ ಇಲ್ಲ ಅಂದ್ರೆ ಖಾತೆ ತುಂಬಿದ್ರೂ ಮನೆಯಲ್ಲಿ ಉಪವಾಸ. ಆಗ ದೇಹ ಕೊಬ್ಬು ಕರಗಿಸಿ ಬದುಕೋಕೆ ನೋಡುತ್ತೆ, ಮೀಟರ್ ಬಡ್ಡಿಗೆ ಸಾಲ ತಂದ ಹಾಗೆ. ಬೆಳೀತಾ ಹೋಗೋ ಆ ಬಡ್ಡಿಯೇ ಕೀಟೋನ್. ಅದು ಜಾಸ್ತಿಯಾದ್ರೆ ರಕ್ತ ಆಮ್ಲೀಯವಾಗುತ್ತೆ.

ಲಕ್ಷಣ: ವಾಂತಿ, ಹೊಟ್ಟೆನೋವು, ವಿಪರೀತ ಬಾಯಾರಿಕೆ, ಆಳವಾದ ವೇಗದ ಉಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ. ಇದಕ್ಕೆ ದಾರಿ ಮಾಡೋದು ಎಷ್ಟೋ ಸಲ ನಮ್ಮ ಮನೆಗಳ ಒಂದು ಲೆಕ್ಕಾಚಾರ: "ವಾಂತಿ ಆಗ್ತಿದೆ, ಊಟ ಮಾಡಿಲ್ಲ, ಇವತ್ತು ಇನ್ಸುಲಿನ್ ಬೇಡ." ಟೈಪ್ 1 ಡಯಾಬಿಟಿಸ್ ಇರೋರು ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ಬಿಡೋ ಹಾಗಿಲ್ಲ. ಡೋಸ್ ಎಷ್ಟು ಅನ್ನೋದನ್ನ ಡಾಕ್ಟರನ್ನ ಕೇಳಬೇಕು, ಅಷ್ಟೆ.

ಆಸ್ಪತ್ರೆಯಲ್ಲಿ ಮೊದಲು ಹಾಕೋದು ಸಲೈನ್. ಸುಸ್ತಿಗೆಲ್ಲಾ "ಗ್ಲೂಕೋಸ್ ಹಾಕ್ಸಿ" ಅಂತೀವಲ್ಲ, ಅದಲ್ಲ. ಆಮೇಲೆ ಪೊಟ್ಯಾಶಿಯಂ ನೋಡ್ತಾರೆ. ಇನ್ಸುಲಿನ್ ಕೊಟ್ಟರೆ ಪೊಟ್ಯಾಶಿಯಂ ರಕ್ತದಿಂದ ಜೀವಕೋಶದ ಒಳಗೆ ಹೋಗುತ್ತೆ. ಮೊದಲೇ ಕಮ್ಮಿ ಇದ್ರೆ ಹೃದಯದ ಬಡಿತಕ್ಕೇ ಅಪಾಯ. ಹಾಗಾಗಿ ಇನ್ಸುಲಿನ್ ತಡ ಆದ್ರೆ ಅದು ನಿರ್ಲಕ್ಷ್ಯವೇ ಆಗಿರಬೇಕಿಲ್ಲ. ಸಕ್ಕರೆ ಇಳಿದ ಮೇಲೆ ಇನ್ಸುಲಿನ್ ಜೊತೆಗೇ ಗ್ಲೂಕೋಸ್ ಶುರು ಮಾಡ್ತಾರೆ. ಶುಗರ್ ಪೇಷಂಟ್‌ಗೆ ಗ್ಲೂಕೋಸಾ ಅಂತ ಜಗಳ ಆಡಬೇಡಿ. ಕೀಟೋನ್ ಪೂರ್ತಿ ತೀರೋವರೆಗೂ ಇನ್ಸುಲಿನ್ ಬೇಕು, ಸಕ್ಕರೆ ಕುಸೀದೇ ಇರೋಕೆ ಗ್ಲೂಕೋಸ್ ಬೇಕು.

ಇನ್ನೊಂದು ವಿಷಯ. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತಗೊಳ್ಳೋರಿಗೆ ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಜಾಸ್ತಿ ಇಲ್ಲದಿದ್ರೂ ಡಿಕೆಎ ಆಗಬಹುದು. ಇಲ್ಲೂ ಮಾತ್ರೆ ಹೆಸರೇ ಸುಳಿವು.

ಬಿಪಿ ಏಳದಿದ್ದರೆ: ಸ್ಟೆರಾಯ್ಡ್ ನಿಲ್ಲಿಸಿದ್ರಾ?

ಕಿಡ್ನಿಗಳ ಮೇಲೆ ಅಡ್ರಿನಲ್ ಅನ್ನೋ ಎರಡು ಪುಟ್ಟ ಗ್ರಂಥಿಗಳಿವೆ. ಕಾರ್ಟಿಸೋಲ್ ತಯಾರಾಗೋದು ಅಲ್ಲೇ. ಕೀಲುನೋವಿಗೋ ಉಬ್ಬಸಕ್ಕೋ ವಾರಗಟ್ಟಲೆ ಪ್ರೆಡ್ನಿಸೋಲೋನ್ ತಗೊಂಡ್ರೆ, ಮಾಲು ಹೊರಗಿಂದಲೇ ಬರ್ತಿದೆ ಅಂತ ಆ ಫ್ಯಾಕ್ಟರಿ ಕೆಲಸ ನಿಲ್ಲಿಸುತ್ತೆ. ಮಾತ್ರೆ ಥಟ್ಟನೆ ಬಿಟ್ಟರೆ ಒಳಗೂ ಇಲ್ಲ, ಹೊರಗೂ ಇಲ್ಲ. ಮೇಲೊಂದು ಜ್ವರ ಬಂದ್ರೆ ವಾಂತಿ, ವಿಪರೀತ ನಿಶ್ಶಕ್ತಿ, ಡ್ರಿಪ್ ಹಾಕಿದ್ರೂ ಏಳದ ಬಿಪಿ. ಅನುಮಾನ ಬಂದ ತಕ್ಷಣ ಡಾಕ್ಟರ್ ಲ್ಯಾಬ್ ರಿಪೋರ್ಟ್‌ಗೆ ಕಾಯದೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಕೊಡ್ತಾರೆ. ಆದ್ರೆ ಆ ಅನುಮಾನ ಬರಬೇಕಲ್ಲ? "ಹೋದ ವಾರ ಸ್ಟೆರಾಯ್ಡ್ ನಿಲ್ಲಿಸಿದ್ರು" ಅನ್ನೋ ಒಂದು ವಾಕ್ಯ ಸಾಕು. ಹೆಸರಿಲ್ಲದ ನೋವಿನ ಪುಡಿ ತಗೋತಿದ್ರೆ ಅದನ್ನೂ ಮುಚ್ಚಿಡಬೇಡಿ, ಅಂಥದ್ರಲ್ಲಿ ಕೆಲವು ಸಲ ಸ್ಟೆರಾಯ್ಡ್ ಬೆರೆಸಿರ್ತಾರೆ.

ಜ್ವರದ ಜೊತೆ ಎದೆ ಬಡಿತ ಓಡಿದರೆ: ಥೈರಾಯ್ಡ್ ಸ್ಟಾರ್ಮ್

ಇದು ಅಪರೂಪ, ಆದ್ರೆ ಜೀವಕ್ಕೇ ಅಪಾಯ. ಥೈರಾಯ್ಡ್ ಜಾಸ್ತಿ ಇರೋರು ಕಾರ್ಬಿಮಜೋಲ್ ನಿಲ್ಲಿಸಿದಾಗ, ಅಥವಾ ಸೋಂಕು ತಗುಲಿದಾಗ ಬರಬಹುದು. ಜೋರು ಜ್ವರ, ನಿಮಿಷಕ್ಕೆ 140ರ ಆಸುಪಾಸಿನ ನಾಡಿ, ಚಡಪಡಿಕೆ, ಗೊಂದಲದ ಮಾತು. ಚಿಕಿತ್ಸೆಯಲ್ಲಿ ಸರದಿ ಮುಖ್ಯ: ಹಾರ್ಮೋನ್ ತಯಾರಿಕೆ ತಡೆಯೋ ಔಷಧಿ ಮೊದಲು, ಕನಿಷ್ಠ 1 ಗಂಟೆ ಬಿಟ್ಟು ಅಯೋಡಿನ್. ಉಲ್ಟಾ ಆದ್ರೆ ಗ್ರಂಥಿಗೆ ನಾವೇ ಕಚ್ಚಾಮಾಲು ಕೊಟ್ಟ ಹಾಗೆ. ನೆನಪಿಡಿ, ಬೆಳಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳೋ ಥೈರಾಕ್ಸಿನ್ ಬೇರೆ, ಅದು ಹಾರ್ಮೋನ್ ಕಮ್ಮಿ ಇರೋರಿಗೆ. ಬರೀ "ಥೈರಾಯ್ಡ್ ಇದೆ" ಅಂದ್ರೆ ಸಾಲದು, ಜಾಸ್ತಿನಾ ಕಮ್ಮಿನಾ ಅನ್ನೋದೂ ಹೇಳಬೇಕು.

ಈಗ ಒಂದು ಕೆಲಸ

ಎಪಿಸೋಡ್ ಮುಗಿದ ಮೇಲೆ ಅಪ್ಪ, ಅಮ್ಮ, ಅಜ್ಜಿಯ ಮಾತ್ರೆ ಡಬ್ಬಿ ತೆಗೀರಿ. ಪ್ರತಿ ಸ್ಟ್ರಿಪ್‌ನ ಹೆಸರು ಕಾಣೋ ಹಾಗೆ ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿ. ಕ್ಯಾಶುಯಾಲ್ಟಿಯಲ್ಲಿ ಮೂರು ಮಾತು ಹೇಳಿ: ಏನು ತಗೋತಿದ್ರು, ಕೊನೇ ಸಲ ಯಾವಾಗ ತಗೊಂಡ್ರು, ಯಾವುದನ್ನ ಯಾವಾಗ ನಿಲ್ಲಿಸಿದ್ರು. "ಮಾತ್ರೆ ಬಿಟ್ಟಿದ್ದಕ್ಕೆ ಡಾಕ್ಟರ್ ಬೈತಾರೆ" ಅಂತ ಹಿರಿಯರು ಮುಚ್ಚಿಡ್ತಾರೆ. ಬೈಸಿಕೊಂಡ್ರೂ ಪರವಾಗಿಲ್ಲ, ಹೇಳಿಬಿಡಿ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಹುಷಾರು.